ಘಾನಾಕ್ಕೆ ಹೊರಟವರ ಪ್ರಶ್ನೆಗಳು: ವೀಸಾ, ಲಸಿಕೆ, ಮಲೇರಿಯಾ, ಸುರಕ್ಷತೆ

ಆರು ವರ್ಷ ಘಾನಾದ ರಾಜಧಾನಿ ಅಕ್ರಾದಲ್ಲಿ ಕೆಲಸ ಮಾಡಿ ಊರಿಗೆ ಮರಳಿದ ಮೇಲೆ, ಘಾನಾಕ್ಕೆ ಹೊರಟವರು ಯಾರಿದ್ದರೂ ಅವರಿಗೆ ನನ್ನ ನಂಬರು ಹೇಗೋ ಸಿಗುತ್ತದೆ. ಕಂಪನಿ ಕಳಿಸುತ್ತಿರುವ ಎಂಜಿನಿಯರು, ಮಗಳ ಬಾಣಂತನಕ್ಕೆ ಹೊರಟ ತಾಯಿ, ಹಸಿ ಗೇರುಬೀಜ ಖರೀದಿಗೆ ಹೋಗುವ ಮಂಗಳೂರಿನ ವ್ಯಾಪಾರಿಗಳು. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳು ಬಹುಪಾಲು ಆಫ್ರಿಕಾದ ಬೀಜವನ್ನೇ ನೆಚ್ಚಿಕೊಂಡಿರುವುದರಿಂದ ಈ ಮೂರನೆಯವರ ಫೋನು ಹೆಚ್ಚು. ಎಲ್ಲರ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಎಲ್ಲರ ಹೆದರಿಕೆಯೂ ಒಂದೇ: ಕಳ್ಳರು, ಕಾಡುಪ್ರಾಣಿ, ಎಬೋಲಾ. ಆದರೆ ಅಲ್ಲಿ ನಮ್ಮವರಿಗೆ ನಿಜವಾಗಿ ಪೆಟ್ಟು ಕೊಡುವುದು ಎರಡೇ, ಸೊಳ್ಳೆ ಮತ್ತು ರಸ್ತೆ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಅವೆರಡಕ್ಕೂ ಜಾಗ ಹೆಚ್ಚು ಕೊಟ್ಟಿದ್ದೇನೆ.

ಭಾರತದ ಪಾಸ್‌ಪೋರ್ಟ್ ಇದ್ದರೆ ವೀಸಾ ಬೇಕೇ? ಅಲ್ಲಿಗೆ ಇಳಿದ ಮೇಲೆ ಮಾಡಿಸಬಹುದೇ?

ಬೇಕು, ಮತ್ತು ಹೊರಡುವ ಮೊದಲೇ ಬೇಕು. ದೆಹಲಿಯಲ್ಲಿರುವ ಘಾನಾ ಹೈಕಮಿಷನ್ ಮೂಲಕ ಅರ್ಜಿ ಹಾಕಬೇಕು. ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್, ಫೋಟೊ, ಹೋಗಿಬರುವ ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಅಥವಾ ಅಲ್ಲಿಂದ ಕರೆಯುವವರ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ, ಇಷ್ಟನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ. ಶುಲ್ಕ ಮತ್ತು ಅರ್ಜಿಯ ವಿಧಾನ ಆಗಾಗ ಬದಲಾಗುತ್ತದೆ. ಅದನ್ನು ಹೈಕಮಿಷನ್‌ನ ಅಧಿಕೃತ ತಾಣದಲ್ಲೇ ನೋಡಿ. ಏಜೆಂಟರ ಮಾತನ್ನಾಗಲಿ, ಹೋದ ವರ್ಷ ಹೋಗಿಬಂದ ಸ್ನೇಹಿತರ ಮಾತನ್ನಾಗಲಿ ನಂಬಿಕೊಂಡು ಕೂರಬೇಡಿ.

ವಿಮಾನ ನಿಲ್ದಾಣದಲ್ಲೇ ಕೊಡುವ ತುರ್ತು ವೀಸಾ ಅಂತ ಒಂದಿದೆ. ಅದಕ್ಕೂ ಮೊದಲೇ ಘಾನಾ ವಲಸೆ ಇಲಾಖೆಯ ಅನುಮತಿ ಪಡೆದಿರಬೇಕು. ಬರಿಗೈಯಲ್ಲಿ ಹೋಗಿ ಕೌಂಟರ್ ಮುಂದೆ ನಿಂತರೆ ಸಿಗುವುದಿಲ್ಲ. ಅದಕ್ಕಿಂತ ಮೊದಲು, ವೀಸಾ ಇಲ್ಲದವರನ್ನು ಇಲ್ಲಿಯ ವಿಮಾನ ಕಂಪನಿಯವರೇ ಹತ್ತಿಸುವುದಿಲ್ಲ.

ವೀಸಾದಲ್ಲಿ ಮೂರು ತಿಂಗಳು ಅಂತ ಬರೆದಿದೆ. ಮೂರು ತಿಂಗಳು ಇರಬಹುದಲ್ಲವೇ?

ತುಂಬ ಜನ ಎಡವುವುದು ಇಲ್ಲೇ. ವೀಸಾದ ಮೇಲಿರುವ ತಿಂಗಳು ನೀವು ಯಾವಾಗಿನೊಳಗೆ ದೇಶ ಪ್ರವೇಶಿಸಬೇಕು ಎನ್ನುವುದಕ್ಕೆ. ಎಷ್ಟು ದಿನ ಇರಬಹುದು ಎನ್ನುವುದನ್ನು ಅಕ್ರಾದಲ್ಲಿ ಇಳಿದಾಗ ವಲಸೆ ಅಧಿಕಾರಿ ಮೊಹರು ಹಾಕಿ ಬರೆಯುತ್ತಾರೆ, ಅದು 30 ದಿನ ಇರಬಹುದು, 60 ದಿನ ಇರಬಹುದು. ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ, ಕೌಂಟರ್ ಬಿಟ್ಟು ಕದಲುವ ಮೊದಲೇ ಆ ಸಂಖ್ಯೆ ನೋಡಿ. ನಿಮ್ಮ ಕೆಲಸಕ್ಕೆ ಸಾಲದಿದ್ದರೆ ಅಲ್ಲೇ ಮರ್ಯಾದೆಯಿಂದ ಕೇಳಿ. ಆಮೇಲೆ ಬೇಕಾದರೆ ಅವಧಿ ಮುಗಿಯುವ ಮುಂಚೆಯೇ ವಲಸೆ ಇಲಾಖೆಗೆ ಹೋಗಿ ವಿಸ್ತರಿಸಿಕೊಳ್ಳಬೇಕು. ಅವಧಿ ಮೀರಿ ಇದ್ದರೆ ದಂಡ ಬೀಳುತ್ತದೆ.

ವಿಸಿಟರ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸಕ್ಕೆ ಸೇರಬಹುದು ಅಂತ ಏಜೆಂಟ್ ಹೇಳುತ್ತಿದ್ದಾರೆ.

ಸೇರಬಾರದು. ಕೆಲಸಕ್ಕೆ ವರ್ಕ್ ಪರ್ಮಿಟ್ಟೂ ವಾಸದ ಪರವಾನಗಿಯೂ ಬೇಕು, ಅವೆರಡನ್ನೂ ಮಾಡಿಸಿಕೊಡುವ ಹೊಣೆ ಕೆಲಸ ಕೊಡುವ ಕಂಪನಿಯದು. "ಮೊದಲು ಬನ್ನಿ, ಕಾಗದ ಆಮೇಲೆ ಮಾಡೋಣ" ಎನ್ನುವ ಕಂಪನಿಯನ್ನು ನಂಬಿ ಹೋದವರು ಅವಧಿ ಮೀರಿದ ವೀಸಾ ಹಿಡಿದು, ಸಂಬಳವೂ ಇಲ್ಲದೆ, ವಾಪಸ್ ಟಿಕೆಟ್ಟಿಗೂ ದುಡ್ಡಿಲ್ಲದೆ ಪರದಾಡುವುದನ್ನು ಕಣ್ಣಾರೆ ಕಂಡಿದ್ದೇನೆ.

ಹಳದಿ ಜ್ವರದ ಲಸಿಕೆ ಕಡ್ಡಾಯವೇ? ಅದು ಇಲ್ಲದೆ ನಡೆಯುವುದಿಲ್ಲವೇ?

ಕಡ್ಡಾಯ. 9 ತಿಂಗಳು ದಾಟಿದ ಪ್ರತಿಯೊಬ್ಬರಿಗೂ ಘಾನಾ ಇದನ್ನು ಕೇಳುತ್ತದೆ. ಅಕ್ರಾದಲ್ಲಿ ಇಳಿದ ಮೇಲೆ ವಲಸೆ ಕೌಂಟರ್ ತಲುಪುವ ಮುಂಚೆಯೇ ಆರೋಗ್ಯ ಸಿಬ್ಬಂದಿ ಹಳದಿ ಪುಸ್ತಕ, ಅಂದರೆ ಈ ಲಸಿಕೆಯ ಪ್ರಮಾಣಪತ್ರ, ತೋರಿಸಿ ಎನ್ನುತ್ತಾರೆ.

ನಮ್ಮವರು ಮರೆಯುವ ಇನ್ನೊಂದು ಅರ್ಧ ಇದೆ. ಅದೇ ಪುಸ್ತಕವನ್ನು ವಾಪಸ್ ಬರುವಾಗ ಭಾರತವೂ ಕೇಳುತ್ತದೆ, ಮತ್ತು ಘಾನಾಕ್ಕಿಂತ ಬಿಗಿಯಾಗಿ ಕೇಳುತ್ತದೆ. ಹಳದಿ ಜ್ವರವಿರುವ ದೇಶದಿಂದ ಸರಿಯಾದ ಪ್ರಮಾಣಪತ್ರವಿಲ್ಲದೆ ಬಂದಿಳಿದರೆ, ನೀವು ಭಾರತೀಯರೇ ಆಗಿದ್ದರೂ, 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮನೆಯವರು ಹೊರಗೆ ಕಾಯುತ್ತಿರುತ್ತಾರೆ, ನೀವು ಒಳಗೆ.

ಇಷ್ಟು ಬಿಗಿ ಏಕೆ ಎಂದರೆ, ಭಾರತದಲ್ಲಿ ಈ ಕಾಯಿಲೆ ಇದುವರೆಗೆ ಬೇರೂರಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ, ಅಂದರೆ ನಮ್ಮಲ್ಲಿ ಡೆಂಗ್ಯೂ ತರುವ ಅದೇ ಸೊಳ್ಳೆ, ಪ್ರತಿ ಊರಿನಲ್ಲೂ ಇದೆ. ಇಲ್ಲಿನ ಜನರಿಗೆ ಲಸಿಕೆಯ ರಕ್ಷಣೆ ಇಲ್ಲ. ವೈರಸ್ ಹೊತ್ತ ಒಬ್ಬರು ಬಂದು, ಇಲ್ಲಿನ ಸೊಳ್ಳೆ ಅವರನ್ನು ಕಚ್ಚಿದರೆ ಸಾಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ವಿಜ್ಞಾನಿಗಳಿಗೆ ಮೊದಲು ಮೂಡಿದ ಅನುಮಾನಗಳಲ್ಲಿ ಒಂದು, ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇ ಎಂಬುದು. ಅದು ಬೇರೆ ವೈರಸ್ ಎಂದು ಗೊತ್ತಾಯಿತು. ಮಲೆನಾಡಿನವರು ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ, ಅದೂ ಹಳದಿ ಜ್ವರದ ವೈರಸ್ಸಿನ ಬಳಗಕ್ಕೇ ಸೇರಿದ್ದು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಆ ಪುಸ್ತಕವನ್ನು ಹಾಳೆ ತಿರುವಿ ನೋಡುವ ಸಿಬ್ಬಂದಿಯ ಮೇಲೆ ಸಿಟ್ಟಾಗುವ ಮೊದಲು ಇದು ನೆನಪಿರಲಿ.

ಈ ಲಸಿಕೆಗೂ ಘಾನಾಕ್ಕೂ ಹಳೆಯ ನಂಟಿದೆ. 1927ರಲ್ಲಿ, ಆ ದೇಶ ಇನ್ನೂ ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತು ಆಗಿದ್ದಾಗ, ಅಸಿಬಿ ಎಂಬ ಯುವಕನ ರಕ್ತದಿಂದ ಈ ವೈರಸ್ಸನ್ನು ಬೇರ್ಪಡಿಸಿದರು. ಅಸಿಬಿ ಗುಣವಾದ. ಆ ವೈರಸ್ಸನ್ನೇ ವರ್ಷಗಟ್ಟಲೆ ಪಳಗಿಸಿ ವಿಜ್ಞಾನಿ ಮ್ಯಾಕ್ಸ್ ಥೈಲರ್ ಲಸಿಕೆ ಮಾಡಿದರು, 1951ರಲ್ಲಿ ನೊಬೆಲ್ ಪಡೆದರು. ಇಂದು ನಿಮ್ಮ ತೋಳಿಗೆ ಚುಚ್ಚುವ ಲಸಿಕೆ ಅದೇ ವೈರಸ್ಸಿನ ಸಂತತಿ. ಕಾಯಿಲೆಯ ಬೆನ್ನು ಹತ್ತಿ ಬಂದ ಜಪಾನಿನ ವಿಜ್ಞಾನಿ ಹಿದೆಯೊ ನೊಗುಚಿ 1928ರಲ್ಲಿ ಅಕ್ರಾದಲ್ಲೇ ಹಳದಿ ಜ್ವರದಿಂದ ತೀರಿಕೊಂಡರು. ಅವರ ಹೆಸರಿನ ಸಂಶೋಧನಾ ಸಂಸ್ಥೆ ಅಲ್ಲಿನ ಲೆಗೋನ್‌ನಲ್ಲಿರುವ ಘಾನಾ ವಿಶ್ವವಿದ್ಯಾಲಯದಲ್ಲಿದೆ.

ಎಲ್ಲಿ ಹಾಕಿಸಬೇಕು? ಎಷ್ಟು ದಿನ ಮೊದಲು?

ಯಾವುದೋ ಕ್ಲಿನಿಕ್ಕಿನಲ್ಲಿ ಹಾಕಿಸಿದರೆ ಲೆಕ್ಕಕ್ಕಿಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲೇ ಆಗಬೇಕು. ಪಟ್ಟಿ ಕೇಂದ್ರ ಆರೋಗ್ಯ ಸಚಿವಾಲಯದ ತಾಣದಲ್ಲಿದೆ, ಬೆಂಗಳೂರಿನಲ್ಲೂ ಕೇಂದ್ರಗಳಿವೆ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ತೆರೆದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಅದಕ್ಕೇ ಹಲವು ಕಡೆ ವಾರದ ಗೊತ್ತಾದ ದಿನಗಳಂದು ಮಾತ್ರ, ಮೊದಲೇ ಹೆಸರು ಬರೆಸಿದವರಿಗೆ ಮಾತ್ರ ಹಾಕುತ್ತಾರೆ.

ಹಾಕಿಸಿದ 10 ದಿನದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಸೋಮವಾರ ಚುಚ್ಚಿಸಿಕೊಂಡು ಶುಕ್ರವಾರ ವಿಮಾನ ಹತ್ತುವ ಲೆಕ್ಕಾಚಾರ ಬೇಡ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಹಳೆಯ ಹತ್ತು ವರ್ಷದ ನಿಯಮ 2016ರ ಜುಲೈನಲ್ಲಿ ಹೋಯಿತು. ಅದಕ್ಕೂ ಮೊದಲು ಹಾಕಿಸಿದ ಪುಸ್ತಕವೂ ನಡೆಯುತ್ತದೆ.

ಪುಸ್ತಕ ಕೈಗೆ ಬಂದಾಗ ಅಲ್ಲೇ ನಿಂತು ನಾಲ್ಕು ವಿಷಯ ನೋಡಿ: ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ, ಪಾಸ್‌ಪೋರ್ಟ್ ಸಂಖ್ಯೆ ಸರಿ ಇದೆಯೇ, ಬ್ಯಾಚ್ ನಂಬರು ಬರೆದಿದ್ದಾರೆಯೇ, ಕೇಂದ್ರದ ಮೊಹರು ಬಿದ್ದಿದೆಯೇ. ನನ್ನ ಪುಸ್ತಕದಲ್ಲಿ ತಂದೆಯ ಹೆಸರು ಮುಂದೆ ಬಂದು ನನ್ನ ಹೆಸರು ಹಿಂದೆ ಹೋಗಿತ್ತು. ಮನೆಗೆ ಬಂದ ಮೇಲೆ ಕಂಡು, ಮರುದಿನ ಇಡೀ ಬೆಳಿಗ್ಗೆ ಮತ್ತೆ ಸಾಲಿನಲ್ಲಿ ನಿಲ್ಲಬೇಕಾಯಿತು.

ಕಾಮಾಲೆಯ ಲಸಿಕೆ ಮೊದಲೇ ಹಾಕಿಸಿದ್ದೇನೆ. ಅದೇ ಅಲ್ಲವೇ?

ಅಲ್ಲ. ಹೆಸರಿನಲ್ಲಿ ಹಳದಿ ಇರುವುದರಿಂದ ಈ ಗೊಂದಲ. ನೀವು ಹಾಕಿಸಿರುವುದು ಹೆಪಟೈಟಿಸ್ ಲಸಿಕೆ, ಅದು ಬೇರೆಯೇ ಕಾಯಿಲೆಗೆ.

ಅಮ್ಮನಿಗೆ 64 ವರ್ಷ. ಅವರಿಗೂ ಹಾಕಿಸಬಹುದೇ?

ಇದು ಜೀವಂತ ವೈರಸ್ಸಿನ, ಶಕ್ತಿ ಕುಂದಿಸಿದ ಲಸಿಕೆ. 60 ದಾಟಿದವರಿಗೆ ಮೊದಲ ಬಾರಿ ಹಾಕುವಾಗ ಅಪರೂಪಕ್ಕೆ ಗಂಭೀರ ಪರಿಣಾಮ ಆಗುವುದುಂಟು. ಹಾಗಾಗಿ ವೈದ್ಯರ ಜೊತೆ ಕೂತು ಲಾಭ ನಷ್ಟ ತೂಗಿ ನೋಡಬೇಕು. ಬಸುರಿಯರು, ಮೊಲೆಯೂಡಿಸುವ ತಾಯಂದಿರು, ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತಿನ್ನುವವರು, ಥೈಮಸ್ ಗ್ರಂಥಿಯ ತೊಂದರೆ ಇದ್ದವರು ಕೇಂದ್ರದಲ್ಲಿ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ವೈದ್ಯಕೀಯ ಕಾರಣಕ್ಕೆ ಬೇಡ ಎಂದಾದರೆ ಅವರೇ ವಿನಾಯಿತಿ ಪತ್ರ ಬರೆದು ಮೊಹರು ಹಾಕಿಕೊಡುತ್ತಾರೆ. ಬಾಣಂತನಕ್ಕೆ ಹೊರಟ ಒಬ್ಬ ತಾಯಿಗೆ ಇಂಥ ಕಾರಣವಿತ್ತು. ಮಗಳೇ ಇಲ್ಲಿಗೆ ಬಂದು ಹೆರಿಗೆ ಮಾಡಿಸಿಕೊಂಡರು. ಅದು ಸರಿಯಾದ ನಿರ್ಧಾರ ಎಂದೇ ನನಗನ್ನಿಸಿತು.

ಬೇರೆ ಯಾವ ಲಸಿಕೆ ಬೇಕು?

ಕಡ್ಡಾಯದ್ದು ಹಳದಿ ಜ್ವರದ್ದೊಂದೇ. ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಬಿ, ಟೆಟನಸ್, ದಡಾರ, ಪೋಲಿಯೊ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ತಮಾಲೆ, ವಾ, ಬೋಲ್ಗಟಾಂಗಾ ಕಡೆ, ಅಂದರೆ ಉತ್ತರಕ್ಕೆ, ಡಿಸೆಂಬರಿನಿಂದ ಜೂನ್‌ವರೆಗಿನ ಒಣ ಕಾಲದಲ್ಲಿ ಹೋಗುವವರು ಮೆದುಳುಪೊರೆ ಜ್ವರದ, ಅಂದರೆ ಮೆನಿಂಜೈಟಿಸ್ಸಿನ ಲಸಿಕೆ ಹಾಕಿಸಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಆ ಭಾಗ ಆಫ್ರಿಕಾದ ಮೆನಿಂಜೈಟಿಸ್ ವಲಯದೊಳಗೇ ಬರುತ್ತದೆ. ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ದೊಡ್ಡ ಆಸ್ಪತ್ರೆಗೆ ಓಡಿ. ರೇಬಿಸ್ ಅಲ್ಲೂ ಇದೆ.

ನಾವು ಮಂಗಳೂರಿನವರು, ಮಲೇರಿಯಾ ನಮಗೆ ಹೊಸದಲ್ಲ. ಆದರೂ ಮಾತ್ರೆ ತಿನ್ನಬೇಕೇ?

ಈ ಮಾತು ಕೇಳಿದಾಗಲೆಲ್ಲ ನನಗೆ ಎದೆ ಧಸಕ್ಕೆನ್ನುತ್ತದೆ. ಮಂಗಳೂರಿನಲ್ಲಿ ಬಹುಕಾಲ ಕಾಡಿದ ಮಲೇರಿಯಾ ಹೆಚ್ಚಾಗಿ ವೈವಾಕ್ಸ್ ಜಾತಿಯದು. ಸುಸ್ತು ಮಾಡುತ್ತದೆ, ಮರುಕಳಿಸುತ್ತದೆ, ಆದರೆ ಕೊಲ್ಲುವುದು ಕಡಿಮೆ. ಘಾನಾದಲ್ಲಿರುವುದು ಬಹುಪಾಲು ಫಾಲ್ಸಿಪರಂ. ಅದು ಮೆದುಳು, ಮೂತ್ರಪಿಂಡಗಳ ಮೇಲೆ ಕೈಹಾಕುತ್ತದೆ, ಚಿಕಿತ್ಸೆ ಸಿಗದಿದ್ದರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರುತ್ತದೆ. ಇಲ್ಲಿ ಒಮ್ಮೆ ಬಂದು ಹೋದ ಜ್ವರ ಅಲ್ಲಿ ನಿಮ್ಮನ್ನು ಕಾಯುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದವರಿಗೆ ಮತ್ತೆ ಮತ್ತೆ ಬಂದು ಸ್ವಲ್ಪ ತಡೆದುಕೊಳ್ಳುವ ಶಕ್ತಿ ಬಂದಿರುತ್ತದೆ. ಅವರು "ಜ್ವರ ಅಷ್ಟೇ, ನಾಳೆ ಹೋಗುತ್ತೆ" ಎಂದರೆ ಅದು ಅವರ ಮೈಯ ಮಾತು, ನಿಮ್ಮ ಮೈಯದಲ್ಲ.

ದೇಶದ ಎಲ್ಲ ಕಡೆ, ವರ್ಷದ ಎಲ್ಲ ಕಾಲದಲ್ಲೂ ಅಪಾಯ ಇದೆ. ಅಕ್ರಾದ ಒಳ್ಳೆಯ ಹೋಟೆಲೂ ಹೊರತಲ್ಲ. ಆದ್ದರಿಂದ ತಡೆಗಟ್ಟುವ ಮಾತ್ರೆ ತೆಗೆದುಕೊಳ್ಳಿ. ಹಳೆಯ ಮಲೇರಿಯಾ ಮಾತ್ರೆ ಕ್ಲೋರೊಕ್ವಿನ್ ಅಲ್ಲಿ ಕೆಲಸ ಮಾಡುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಮೂರರಲ್ಲಿ ಒಂದನ್ನು ಬರೆಯುತ್ತಾರೆ:

ಅಟೊವಾಕ್ವೋನ್ ಮತ್ತು ಪ್ರೊಗ್ವಾನಿಲ್ ಕೂಡಿದ ಮಾತ್ರೆಯನ್ನು ಹೊರಡುವ ಒಂದೆರಡು ದಿನ ಮುಂಚೆ ಶುರುಮಾಡಿ, ದಿನಕ್ಕೊಂದರಂತೆ ತಿಂದು, ಬಂದ ಮೇಲೆ 7 ದಿನ ಮುಂದುವರಿಸಬೇಕು. ಇದು ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ, ಮೊದಲೇ ತರಿಸಿಡಿ. ಡಾಕ್ಸಿಸೈಕ್ಲಿನ್ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ, ಆದರೆ ಬಂದ ಮೇಲೆ 4 ವಾರ ದಿನಾ ತಿನ್ನಬೇಕು. ಬಿಸಿಲಿಗೆ ಚರ್ಮ ಸುಡುವಂತಾಗುತ್ತದೆ, ಮತ್ತು ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಆಗದು. ಮೆಫ್ಲೊಕ್ವಿನ್ ವಾರಕ್ಕೊಂದೇ, ಹೊರಡುವ ಎರಡು ವಾರ ಮುಂಚೆ ಶುರು, ಬಂದ ಮೇಲೆ 4 ವಾರ. ಖಿನ್ನತೆ, ಫಿಟ್ಸ್ ಇದ್ದವರಿಗೆ ಇದು ಬೇಡ. ಯಾವುದು ನಿಮಗೆ ಒಗ್ಗುತ್ತದೆ ಎಂದು ವೈದ್ಯರೇ ಹೇಳಬೇಕು.

ಊರಿಗೆ ಬಂದೆವಲ್ಲ, ಇನ್ನೇಕೆ ಮಾತ್ರೆ ಎಂದು ನಿಲ್ಲಿಸಿಬಿಡುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಕೊನೆಯ ದಿನ ಕಚ್ಚಿದ ಸೊಳ್ಳೆಯ ಲೆಕ್ಕ ಆ ವಾರಗಳಲ್ಲೇ ತೀರುವುದು.

ಮಲೇರಿಯಾಕ್ಕೂ ಲಸಿಕೆ ಬಂದಿದೆಯಂತಲ್ಲ?

ಬಂದಿದೆ, ಮಕ್ಕಳಿಗೆ. ಪುಣೆಯಲ್ಲಿ ತಯಾರಾಗುವ ಆರ್-21 ಲಸಿಕೆಗೆ 2023ರಲ್ಲಿ ಜಗತ್ತಿನಲ್ಲೇ ಮೊದಲು ಒಪ್ಪಿಗೆ ಕೊಟ್ಟ ದೇಶ ಘಾನಾ. ಅದು ಅಲ್ಲಿನ ಪುಟ್ಟ ಮಕ್ಕಳ ಜೀವ ಉಳಿಸಲಿಕ್ಕೆ. ಪ್ರವಾಸ ಹೋಗುವ ದೊಡ್ಡವರಿಗೆ ಅದನ್ನು ಕೊಡುವುದಿಲ್ಲ.

ಮಾತ್ರೆ ತಿಂದರೆ ಸೊಳ್ಳೆ ಪರದೆ ಬೇಡವಲ್ಲ?

ಬೇಕು. ಯಾವ ಮಾತ್ರೆಯೂ ನೂರಕ್ಕೆ ನೂರು ಕಾಯುವುದಿಲ್ಲ. ಮಲೇರಿಯಾ ಸೊಳ್ಳೆ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಸಂಜೆ ಐದೂವರೆಗೆ ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಕಾಲಿಗೆ ಸಾಕ್ಸ್ ಹಾಕಿಬಿಡಿ. ತೆರೆದ ಚರ್ಮಕ್ಕೆ ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಮುಲಾಮು ಹಚ್ಚಿ.

ಪರದೆ ಕಟ್ಟುವುದರಲ್ಲೂ ಒಂದು ರೀತಿ ಇದೆ. ಕುಮಾಸಿ ನಗರದಲ್ಲಿ ನಾನಿದ್ದ ಮನೆಯ ಯಜಮಾನಿ ಮೊದಲ ರಾತ್ರಿ ಬಂದು ತೋರಿಸಿಕೊಟ್ಟರು. ಪರದೆಯನ್ನು ಕತ್ತಲಾಗುವ ಮುಂಚೆಯೇ ಇಳಿಬಿಡಬೇಕು, ಅಂಚನ್ನು ಹಾಸಿಗೆಯ ಕೆಳಗೆ ಅಂಗೈಯಿಂದ ಒತ್ತಿ ಒತ್ತಿ ಸುತ್ತಲೂ ಸಿಕ್ಕಿಸಬೇಕು, ಒಳಗೆ ಹೋದ ಮೇಲೆ ಟಾರ್ಚ್ ಹಚ್ಚಿ ಮೂಲೆ ಮೂಲೆ ನೋಡಬೇಕು. ಮಲಗಿದಾಗ ಮೊಣಕೈ ಪರದೆಗೆ ತಾಗಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ, ಅದಕ್ಕೆ ಹಾಸಿಗೆಯ ನಡುವೆ ಮಲಗು ಎಂದರು. ನಮ್ಮಜ್ಜಿ ಹೀಗೇ ಕಟ್ಟುತ್ತಿದ್ದಳು, ನಾವು ಕಾಯಿಲ್ ಹಚ್ಚಿ ಮರೆತಿದ್ದೇವೆ.

ಎಬೋಲಾ ಇದೆಯಲ್ಲ ಅಲ್ಲಿ?

2014ರಿಂದ 2016ರವರೆಗಿನ ಎಬೋಲಾ ಭುಗಿಲೆದ್ದದ್ದು ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ. ಆಗ ಘಾನಾದಲ್ಲಿ ಒಂದೂ ಪ್ರಕರಣ ಇರಲಿಲ್ಲ. ವಿಶ್ವಸಂಸ್ಥೆ ತನ್ನ ಎಬೋಲಾ ಕಾರ್ಯಾಚರಣೆಯ ಕಚೇರಿ ತೆರೆದದ್ದು ಅಕ್ರಾದಲ್ಲಿ. 2022ರಲ್ಲಿ ಮಾರ್ಬರ್ಗ್ ಎಂಬ ಅಂಥದೇ ಕಾಯಿಲೆಯ ಕೆಲವೇ ಪ್ರಕರಣ ಕಂಡು, ಎರಡೇ ತಿಂಗಳಲ್ಲಿ ಅದನ್ನು ಅಡಗಿಸಿದರು. ಬಾವಲಿಗಳಿರುವ ಗುಹೆಗೆ ಹೋಗದಿರುವುದು, ಕಾಡುಪ್ರಾಣಿಯ ಮಾಂಸ ಮುಟ್ಟದಿರುವುದು, ಹೊರಡುವ ವಾರ ಸುದ್ದಿ ನೋಡುವುದು, ಇಷ್ಟು ಸಾಕು.

ನಲ್ಲಿ ನೀರು ಕುಡಿಯಬಹುದೇ? ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ನಲ್ಲಿ ನೀರು ಬೇಡ, ಹಲ್ಲುಜ್ಜಲಿಕ್ಕೂ ಬೇಡ. ಸೀಲ್ ಇರುವ ಬಾಟಲಿ ನೀರು ಎಲ್ಲೆಡೆ ಸಿಗುತ್ತದೆ. ರಸ್ತೆಯಲ್ಲಿ ಹೆಂಗಸರು ತಲೆಯ ಮೇಲೆ ಬೇಸಿನ್ ಹೊತ್ತು "ಪ್ಯೂರ್ ವಾಟರ್" ಎಂದು ಅರ್ಧ ಲೀಟರಿನ ಪ್ಲಾಸ್ಟಿಕ್ ಪೊಟ್ಟಣ ಮಾರುತ್ತಾರೆ. ಅಲ್ಲಿನವರೆಲ್ಲ ಕುಡಿಯುವುದು ಅದನ್ನೇ. ಹೊಸಬರು ಮೊದಲ ಕೆಲವು ವಾರ ಬಾಟಲಿಯಲ್ಲೇ ಇರುವುದು ಒಳ್ಳೆಯದು. ಆಗಾಗ ಕಾಲರಾ ಕಾಣಿಸಿಕೊಳ್ಳುವ ದೇಶ ಅದು. ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಆದರೆ ಕಣ್ಣಿಗೆ ಕಾಣದ ಮೀನಿನ ಬಗ್ಗೆ ಎಚ್ಚರ ಬೇಕು. ವಾಚೆ ಎಂದರೆ ಅಲಸಂದೆ ಹಾಕಿ ಬೇಯಿಸಿದ ಅನ್ನ. ಅನ್ನ ನಮಗೆ ಸರಿ, ಮೇಲೆ ಹಾಕುವ ಶಿಟೊ ಎಂಬ ಕಪ್ಪು ಖಾರದ ಚಟ್ನಿಯಲ್ಲಿ ಒಣಮೀನು, ಸಿಗಡಿ ಪುಡಿ ಇರುತ್ತದೆ. ಕೊಂಟೊಮಿರೆ ನೋಡಿದರೆ ಮಲೆನಾಡಿನವರಿಗೆ ಬಾಯಲ್ಲಿ ನೀರೂರುತ್ತದೆ, ಅದು ನಮ್ಮ ಕೆಸುವಿನ ಹತ್ತಿರದ ನೆಂಟನ ಸೊಪ್ಪಿನ ಪಲ್ಯ. ಅದಕ್ಕೂ ಮೊಮೊನಿ ಎಂಬ ಉಪ್ಪುಮೀನು ಬೀಳುವುದೇ ಹೆಚ್ಚು. "ಮಾಂಸ ಬೇಡ" ಎಂದರೆ ಮೀನು ಬೇಡ ಎಂದು ಅವರಿಗೆ ಅರ್ಥವಾಗುವುದಿಲ್ಲ, ಮೀನನ್ನು ಬೇರೆಯಾಗಿ ಹೆಸರಿಸಿ. ಕೆಲೆವೆಲೆ, ಅಂದರೆ ಶುಂಠಿ ಮೆಣಸು ಹಚ್ಚಿ ಕರಿದ ಬಾಳೆಹಣ್ಣಿನ ತುಂಡು, ಬಿಸಿಬಿಸಿಯಾಗಿ ಬಾಣಲೆಯಿಂದಲೇ ಕೊಂಡು ತಿನ್ನಿ.

ಕೆರೆ, ಸಮುದ್ರದಲ್ಲಿ ಈಜಬಹುದೇ?

1965ರಲ್ಲಿ ಅಕೊಸೊಂಬೊ ಅಣೆಕಟ್ಟಿನಿಂದ ಆದ ವೋಲ್ಟಾ ಸರೋವರ ಕಣ್ಣಿಗೆ ಹಬ್ಬ. ದೋಣಿಯಲ್ಲಿ ಹೋಗಿ, ನೀರಿಗೆ ಇಳಿಯಬೇಡಿ. ಅಲ್ಲಿನ ಸಿಹಿನೀರಿನ ಬಸವನಹುಳುಗಳಿಂದ ಹೊರಬರುವ ಸೂಕ್ಷ್ಮ ಹುಳ ಚರ್ಮದ ಮೂಲಕವೇ ಮೈಯೊಳಗೆ ಹೋಗುತ್ತದೆ. ಶಿಸ್ಟೊಸೊಮಿಯಾಸಿಸ್ ಎಂದು ಅದರ ಹೆಸರು, ತಿಂಗಳುಗಳ ನಂತರ ಮೂತ್ರದಲ್ಲಿ ರಕ್ತ ಬರುವಂತೆ ಮಾಡಬಲ್ಲದು. ಸಮುದ್ರದಲ್ಲಿ ಆ ಹುಳ ಇಲ್ಲ, ಆದರೆ ಸೆಳೆತ ಭಯಂಕರ. ಈಜು ಬಲ್ಲವರೂ ಸೊಂಟದ ಮಟ್ಟಕ್ಕಿಂತ ಮುಂದೆ ಹೋಗಬೇಡಿ.

ನಾನು ದಿನಾ ತಿನ್ನುವ ಮಾತ್ರೆಗಳನ್ನು ಒಯ್ಯಬಹುದೇ?

ಒಯ್ಯಿರಿ, ಪ್ರಯಾಣದ ದಿನಗಳಿಗೆ ಬೇಕಾದ್ದಕ್ಕಿಂತ ಹದಿನೈದು ದಿನ ಹೆಚ್ಚಿನದು, ಮೂಲ ಪ್ಯಾಕಿನಲ್ಲೇ, ವೈದ್ಯರ ಚೀಟಿ ಸಮೇತ, ಕೈಚೀಲದಲ್ಲಿ. ನೋವಿನ ಮಾತ್ರೆಗಳ ವಿಷಯದಲ್ಲಿ ತುಂಬ ಜಾಗ್ರತೆ. ಟ್ರಮಡಾಲ್ ಅಲ್ಲಿ ನಶೆಗೆ ಬಳಕೆಯಾಗಿ ದೊಡ್ಡ ಪಿಡುಗಾಗಿದೆ. ಭಾರತದಿಂದ ಹೋದ ಟೆಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರಕೆಯ ಮಾತ್ರೆ ಪಶ್ಚಿಮ ಆಫ್ರಿಕಾದ ಹುಡುಗರನ್ನು ಹಾಳುಮಾಡುತ್ತಿರುವುದು ಬಯಲಾಗಿ, 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರವೇ ಅದರ ತಯಾರಿಕೆ, ರಫ್ತು ನಿಲ್ಲಿಸಿತು. ಅಲ್ಲಿನ ಕುಟುಂಬಗಳು ಇದರಿಂದ ಪಟ್ಟ ಪಾಡು ನೋಡಿದ್ದೇನೆ, ನಮ್ಮ ದೇಶದ ಹೆಸರು ಹೀಗೆ ಕೇಳಿಬಂದದ್ದು ನೋವಿನ ವಿಷಯ. ಯಾರಾದರೂ "ಈ ಔಷಧಿ ಪೊಟ್ಟಣ ಅಲ್ಲಿ ನಮ್ಮವರಿಗೆ ಕೊಟ್ಟುಬಿಡಿ" ಎಂದರೆ ಖಂಡಿತ ಒಯ್ಯಬೇಡಿ.

ಕಳ್ಳತನ, ದರೋಡೆ ಹೆಚ್ಚೇ? ಹೆಂಗಸರು ಒಬ್ಬರೇ ಹೋಗಬಹುದೇ?

ಘಾನಾದ ಜನ ಸ್ನೇಹಜೀವಿಗಳು. "ಅಕ್ವಾಬಾ" ಎಂದು ಸ್ವಾಗತಿಸುವುದು ಬಾಯುಪಚಾರವಲ್ಲ. ಒಬ್ಬರೇ ಓಡಾಡುವ ಹೆಂಗಸರು ಅನೇಕರಿದ್ದಾರೆ. ಆದರೂ ಅಕ್ರಾ ದೊಡ್ಡ ಊರು. ಬೈಕಿನಲ್ಲಿ ಬಂದು ಫೋನು, ಚೀಲ ಕಸಿಯುವುದುಂಟು. ರಸ್ತೆಯಂಚಿನಲ್ಲಿ ನಿಂತು ಫೋನು ನೋಡಬೇಡಿ, ಕತ್ತಲಾದ ಮೇಲೆ ಕಡಲದಂಡೆಗೆ ಹೋಗಬೇಡಿ, ರಾತ್ರಿ ಆ್ಯಪ್ ಮೂಲಕ ಕರೆಸಿದ ಟ್ಯಾಕ್ಸಿಯಲ್ಲೇ ಓಡಾಡಿ, ಹತ್ತುವ ಮುಂಚೆ ನಂಬರ್ ಪ್ಲೇಟ್ ನೋಡಿ.

ರಸ್ತೆ ಪ್ರಯಾಣ ಹೇಗೆ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಘಾನಾದಲ್ಲಿ ವಾಹನ ಬಲಗಡೆ ಓಡುತ್ತವೆ. ಬ್ರಿಟಿಷರ ಕಾಲದಿಂದ ನಮ್ಮ ಹಾಗೆ ಎಡಗಡೆಯೇ ಇದ್ದದ್ದು, 1974ರ ಆಗಸ್ಟ್ 4ರಂದು ಬದಲಾಯಿತು. ನಮ್ಮ ಕತ್ತು ಹುಟ್ಟಿನಿಂದ ಮೊದಲು ಬಲಕ್ಕೆ ತಿರುಗಲು ಕಲಿತಿದೆ. ಅಲ್ಲಿ ರಸ್ತೆ ದಾಟುವಾಗ ಮೊದಲು ಬರುವ ವಾಹನ ಎಡದಿಂದ. ಮೊದಲ ವಾರದಲ್ಲಿ ನನ್ನನ್ನು ಹಿಂದಿನಿಂದ ಅಂಗಿ ಹಿಡಿದು ಎಳೆದವರು ಕಿತ್ತಳೆ ಮಾರುವ ಒಬ್ಬ ಹೆಂಗಸು. ಅವರ ಕೈ ಇಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ದಾಟುವಾಗ ಎಡ, ಬಲ, ಮತ್ತೆ ಎಡ ಎಂದು ಬಾಯಲ್ಲೇ ಹೇಳಿಕೊಳ್ಳಿ.

ಟ್ರೊಟ್ರೊ ಎಂಬ ಮಿನಿಬಸ್ಸುಗಳು ಊರಿನೊಳಗೆ ಪರವಾಗಿಲ್ಲ, ಊರಿಂದೂರಿಗೆ ಬೇಡ. ಅಕ್ರಾದಿಂದ ಕುಮಾಸಿಗೋ, ಗೇರುಬೀಜದ ವ್ಯಾಪಾರಕ್ಕೆ ಟೆಚಿಮಾನ್, ವೆಂಚಿ, ಸಾಂಪಾ ಕಡೆಗೋ ಹೋಗುವವರು ಬೆಳಿಗ್ಗೆ ಬೇಗ ಹೊರಟು ಸೂರ್ಯ ಮುಳುಗುವ ಮುಂಚೆ ತಲುಪಿ. ಕತ್ತಲಾದ ಮೇಲೆ ಕೆಟ್ಟು ನಿಂತ ಲಾರಿಗೆ ದೀಪ ಇರುವುದಿಲ್ಲ, ದರೋಡೆಯ ಭಯವೂ ಆಗಲೇ. ಸೀಟ್ ಬೆಲ್ಟ್ ಇಲ್ಲದ ಕಾರನ್ನು ಬಿಟ್ಟು ಬೇರೆ ಕಾರು ಕೇಳಿ.

ಉತ್ತರದ ಕಡೆ ಹೋಗಬಹುದೇ?

ತಮಾಲೆ ಮತ್ತು ಆನೆಗಳ ಮೋಲೆ ಅಭಯಾರಣ್ಯಕ್ಕೆ ಜನ ಹೋಗಿಬರುತ್ತಾರೆ. ಬಾವ್ಕು ಪಟ್ಟಣಕ್ಕೆ ಹೋಗಬೇಡಿ, ಅಲ್ಲಿ ಎರಡು ಸಮುದಾಯಗಳ ನಡುವೆ ಮುಖ್ಯಸ್ಥನ ಪಟ್ಟಕ್ಕಾಗಿ ಹಳೆಯ ಜಗಳ ಗುಂಡಿನ ಕಾಳಗದ ಮಟ್ಟಕ್ಕೆ ಹೋಗಿದೆ. ಬುರ್ಕಿನಾ ಫಾಸೊ ಗಡಿಯ ಹತ್ತಿರಕ್ಕೂ ಸುಳಿಯಬೇಡಿ, ಗಡಿಯಾಚೆ ಸಶಸ್ತ್ರ ಗುಂಪುಗಳ ಹಾವಳಿ ಇದೆ.

ಅಗ್ಗಕ್ಕೆ ಚಿನ್ನ ಕೊಡಿಸುತ್ತೇನೆ ಅಂತ ಅಲ್ಲಿಯವರೊಬ್ಬರು ಪರಿಚಯವಾಗಿದ್ದಾರೆ.

ಮಾತು ಅಲ್ಲಿಗೇ ನಿಲ್ಲಿಸಿ. ಘಾನಾ ಚಿನ್ನದ ನಾಡು, ಆದ್ದರಿಂದಲೇ ಈ ಮೋಸಕ್ಕೆ ಅಷ್ಟು ಬಲ. ಮೊದಲು ಅಸಲಿ ಪುಡಿ ತೋರಿಸುತ್ತಾರೆ, ಪರೀಕ್ಷೆಗೂ ಕೊಡುತ್ತಾರೆ, ಆಮೇಲೆ ತೆರಿಗೆ, ಸಾಗಣೆ, ವಿಮೆ ಎಂದು ಕಂತು ಕಂತಾಗಿ ಹಣ ಸುಲಿಯುತ್ತಾರೆ. ಪರವಾನಗಿ ಇಲ್ಲದೆ ಚಿನ್ನ ಹೊರಗೆ ಒಯ್ಯುವುದು ಅಪರಾಧ. ಹಣ ಕಳೆದುಕೊಂಡ ವ್ಯಾಪಾರಿಗಳು ಮನೆಯವರಿಗೆ ಹೇಳಲಾಗದೆ ಒಳಗೊಳಗೇ ಬೇಯುವುದನ್ನು ನೋಡಿ ಬರೆಯುತ್ತಿದ್ದೇನೆ. ಗೇರುಬೀಜದಲ್ಲೂ ಮುಂಗಡ ಕೊಡುವ ಮೊದಲು ಗೋದಾಮಿಗೆ ಹೋಗಿ, ಚೀಲಕ್ಕೆ ಕೈಹಾಕಿ ಬೀಜ ನೋಡಿ.

ತಿಳಿಯದೆ ಮಾಡಿ ಸಿಕ್ಕಿಬೀಳುವ ತಪ್ಪುಗಳು ಯಾವುವು?

ಸೈನಿಕರ ಬಟ್ಟೆಯ ಹಾಗೆ ಹಸಿರು ಚುಕ್ಕೆಯ ಕ್ಯಾಮಫ್ಲಾಜ್ ಅಂಗಿ, ಪ್ಯಾಂಟು, ಟೋಪಿ ಅಲ್ಲಿ ಸಾರ್ವಜನಿಕರಿಗೆ ನಿಷಿದ್ಧ. ಮಕ್ಕಳ ಬಟ್ಟೆಯಲ್ಲೂ ಬೇಡ. ವಿಮಾನ ನಿಲ್ದಾಣ, ಸೇನೆಯ ಜಾಗ, ಅಧ್ಯಕ್ಷರ ಕಚೇರಿಯಾದ ಜುಬಿಲಿ ಹೌಸ್ ಸುತ್ತ ಫೋಟೊ ತೆಗೆಯಬೇಡಿ. ಸಲಿಂಗ ಸಂಬಂಧ ಅಲ್ಲಿನ ಕಾನೂನಿನಲ್ಲಿ ಇನ್ನೂ ಅಪರಾಧ. ಗಾಂಜಾ ಸೇರಿದಂತೆ ಮಾದಕ ವಸ್ತುವಿಗೆ ಕಠಿಣ ಶಿಕ್ಷೆ. ಎಡಗೈಯಲ್ಲಿ ದುಡ್ಡು ಕೊಡುವುದು, ಕೈ ಬೀಸುವುದು ಅಪರಾಧವಲ್ಲ, ಅವಮಾನ. ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಹಣ, ಪ್ಲಗ್ಗು, ಹವೆ?

ನಾಣ್ಯ ಸೇಡಿ. ಆ ಪದ ಬಂದದ್ದು ಅಲ್ಲಿನ ಅಕಾನ್ ಭಾಷೆಯ ಕವಡೆಯಿಂದ. ಡಾಲರ್ ಒಯ್ದು ಬ್ಯಾಂಕು ಅಥವಾ ಪರವಾನಗಿಯ ಫಾರೆಕ್ಸ್ ಅಂಗಡಿಯಲ್ಲೇ ಬದಲಾಯಿಸಿ. ಸಣ್ಣ ಅಂಗಡಿಯವರೂ ಮೊಬೈಲ್ ಹಣದಲ್ಲೇ ವ್ಯವಹರಿಸುತ್ತಾರೆ, ಪಾಸ್‌ಪೋರ್ಟ್ ತೋರಿಸಿ ಸಿಮ್ ಕೊಂಡರೆ ಅನುಕೂಲ. ವಿದ್ಯುತ್ 230 ವೋಲ್ಟ್, ಚೌಕ ಮೂರು ಪಿನ್ನಿನ ಅಡಾಪ್ಟರ್ ಬೇಕು. ಕರೆಂಟ್ ಹೋಗಿಬರುವುದಕ್ಕೆ ಅವರು "ಡುಮ್ಸೊರ್" ಎನ್ನುತ್ತಾರೆ, ಆರಿಸು ಹೊತ್ತಿಸು ಎಂದರ್ಥ. ಡಿಸೆಂಬರಿನಿಂದ ಫೆಬ್ರವರಿವರೆಗೆ ಸಹಾರಾದಿಂದ ಹರ್ಮಟಾನ್ ಗಾಳಿ ಧೂಳು ಹೊತ್ತು ಬರುತ್ತದೆ. ಉಬ್ಬಸದವರು ಇನ್ಹೇಲರ್ ಮರೆಯಬೇಡಿ.

ಅಲ್ಲಿ ಕಾಯಿಲೆ ಬಿದ್ದರೆ?

ತುರ್ತು ಕರೆ 112. ಆಂಬುಲೆನ್ಸ್‌ಗೆ ಕಾಯುವುದಕ್ಕಿಂತ ಕಾರಿನಲ್ಲಿ ಹೋಗುವುದೇ ಬೇಗ ಆಗುವುದುಂಟು. ಅಕ್ರಾದಲ್ಲಿ ಕೊರ್ಲೆ ಬು, ಕುಮಾಸಿಯಲ್ಲಿ ಕೊಮ್ಫೊ ಅನೊಕ್ಯೆ ದೊಡ್ಡ ಬೋಧನಾ ಆಸ್ಪತ್ರೆಗಳು. ಖಾಸಗಿ ಕಡೆ ಮುಂಗಡ ಕಟ್ಟದೆ ದಾಖಲಿಸಿಕೊಳ್ಳದಿರಬಹುದು. ವಿಮಾನದಲ್ಲಿ ಬೇರೆ ದೇಶಕ್ಕೆ ಸಾಗಿಸುವ ಖರ್ಚನ್ನೂ ಭರಿಸುವ ಪ್ರವಾಸ ವಿಮೆ ಮಾಡಿಸಿ. ಇಳಿದ ದಿನವೇ ಅಕ್ರಾದ ಭಾರತೀಯ ಹೈಕಮಿಷನ್‌ನ ತುರ್ತು ನಂಬರನ್ನು ಫೋನಿನಲ್ಲೂ ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ.

ಊರಿಗೆ ಬಂದು ಮೂರು ವಾರವಾಯಿತು, ಈಗ ಜ್ವರ. ನೆಗಡಿ ಇರಬಹುದೇ?

ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಕಚ್ಚಿದ ಏಳು ದಿನದ ನಂತರ ಯಾವಾಗ ಬೇಕಾದರೂ ಮಲೇರಿಯಾ ಕಾಣಿಸಬಹುದು. ಫಾಲ್ಸಿಪರಂ ಹೆಚ್ಚಾಗಿ ಮೂರು ತಿಂಗಳೊಳಗೆ, ಅಪರೂಪಕ್ಕೆ ಅದಕ್ಕೂ ತಡವಾಗಿ. ಮಾತ್ರೆ ತಪ್ಪದೆ ತಿಂದವರಿಗೂ ಬರಬಹುದು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ರಜೆಗೆ ಊರಿಗೆ ಬಂದಾಗ ಜ್ವರ ಬಂತು. ಮಳೆಗಾಲ, ಸುತ್ತಲೂ ಡೆಂಗ್ಯೂ. ಮೊದಲು ನೋಡಿದ ಕಡೆ ಪ್ಲೇಟ್‌ಲೆಟ್ ಕಡಿಮೆಯಾಗಿದೆ, ಡೆಂಗ್ಯೂ ಇರಬೇಕು ಎಂದು ಮನೆಗೆ ಕಳಿಸಿದರು. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಬೀಳುತ್ತದೆ. ಆಫ್ರಿಕಾದಿಂದ ಬಂದವರು ಎಂದು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ನಾಲ್ಕನೆಯ ದಿನ ಅಸಂಬದ್ಧ ಮಾತಾಡತೊಡಗಿದಾಗ ಹೆಂಡತಿ ನನಗೆ ಫೋನು ಮಾಡಿದರು. ಎರಡನೆಯ ಆಸ್ಪತ್ರೆಯಲ್ಲಿ ಅರ್ಧ ಗಂಟೆಯಲ್ಲಿ ಫಾಲ್ಸಿಪರಂ ಎಂದು ಗೊತ್ತಾಯಿತು, ಮಲೇರಿಯಾದ ಆರ್ಟೆಸುನೇಟ್ ಇಂಜೆಕ್ಷನ್ ಶುರುವಾಯಿತು. ಬದುಕಿದರು, ಆದರೆ ಹನ್ನೊಂದು ದಿನ ಐಸಿಯುನಲ್ಲಿ.

ವೈದ್ಯರ ಎದುರು ಕೂತಾಗ ಜ್ವರ ಎಷ್ಟಿದೆ ಎನ್ನುವುದಕ್ಕೂ ಮೊದಲು ಹೇಳಬೇಕಾದದ್ದು ಇದು: "ನಾನು ಘಾನಾದಿಂದ ಬಂದು ಇಷ್ಟು ದಿನವಾಯಿತು, ಮಲೇರಿಯಾ ಪರೀಕ್ಷೆ ಈಗಲೇ ಮಾಡಿಸಿ." ಮೊದಲ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದೂ ಜ್ವರ ಬಿಡದಿದ್ದರೆ 12ರಿಂದ 24 ಗಂಟೆಯಲ್ಲಿ ಮತ್ತೆ ಮಾಡಿಸಿ, ಆಮೇಲೆ ಮತ್ತೊಮ್ಮೆ. ನಿಮಗೆ ಮಾತಾಡುವಷ್ಟು ಎಚ್ಚರ ಇಲ್ಲದಿರಬಹುದು. ಆದ್ದರಿಂದ ಈ ವಾಕ್ಯವನ್ನು ಮನೆಯವರಿಗೂ ಇಂದೇ ಹೇಳಿಡಿ.